ಬೇರಿನ ಗಂಟಿನಿಂದ ಕಪ್ಪು ಪೊಟ್ಟಣದವರೆಗೆ: ರೈಜೋಬಿಯಂ ನಡೆದು ಬಂದ ದಾರಿ

ಮುಂಗಾರು ಬಿತ್ತನೆ ಹತ್ತಿರ ಬಂದಂತೆ ಬೀಜದ ಜೊತೆಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಬೆರೆಸಿದ ಕಪ್ಪು ಪುಡಿಯ 200 ಗ್ರಾಂ ಪೊಟ್ಟಣವೂ ರೈತರ ಕೈ ಸೇರುತ್ತದೆ. ಅದನ್ನು ಬೀಜಕ್ಕೆ ಹಚ್ಚಿದರೆ ಯೂರಿಯಾ ಖರ್ಚು ಉಳಿಯುತ್ತದೆ ಎನ್ನುವವರಿದ್ದಾರೆ. ಹಚ್ಚಿದರೂ ಒಂದೇ ಬಿಟ್ಟರೂ ಒಂದೇ ಎನ್ನುವವರೂ ಇದ್ದಾರೆ. ಇಬ್ಬರೂ ಹೇಳುವುದು ತಮ್ಮ ಹೊಲದಲ್ಲಿ ಕಂಡದ್ದನ್ನೇ. ಆದರೆ ಬೆಳೆ ಬೇರೆ, ಮಣ್ಣು ಬೇರೆ, ಪೊಟ್ಟಣದ ವಯಸ್ಸೂ ಬೇರೆ.

ದ್ವಿದಳ ಬೆಳೆದ ನೆಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಎಂಬುದು ಅಕ್ಕಡಿ ಸಾಲು ಹಾಕುವವರಿಗೆ ಹೊಸ ವಿಷಯವಲ್ಲ. ಅದರ ಕಾರಣ ಬಯಲಾದದ್ದು ಜರ್ಮನಿಯಲ್ಲಿ. ಬೇರಿನ ಗಂಟುಗಳೇ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ ಎಂದು 1886ರಲ್ಲಿ ಹೆಲ್‌ರೀಗಲ್ ಮತ್ತು ವಿಲ್ಫಾರ್ತ್ ತೋರಿಸಿದರು. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಗಂಟಿನೊಳಗೆ ಈ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. 1896ರ ಹೊತ್ತಿಗೆ ಅದನ್ನು ಹಚ್ಚುವ ವಿಧಾನಕ್ಕೆ ಪೇಟೆಂಟೂ ಆಯಿತು, ಮಾರಾಟವೂ ಶುರುವಾಯಿತು. ಭಾರತದಲ್ಲಿ ಈ ಬ್ಯಾಕ್ಟೀರಿಯಾ ಕುರಿತ ವಿಜ್ಞಾನಿ ಎನ್. ವಿ. ಜೋಶಿ ಅವರ ಅಧ್ಯಯನ 1920ರದು.

ಈ ಸಹಜೀವನ ಕೊಡು-ಕೊಳ್ಳುವ ವ್ಯವಹಾರ. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಸೂಸಿ ಕರೆಯುತ್ತದೆ, ಬ್ಯಾಕ್ಟೀರಿಯಾ ತನ್ನದೇ ಸಂಕೇತದಿಂದ ಉತ್ತರಿಸುತ್ತದೆ. ಸಂಕೇತ ಹೊಂದಿದರೆ ಬೇರುರೋಮ ಮುದುಡಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಶೇಂಗಾದಲ್ಲಿ ಅದು ಪಕ್ಕದ ಬೇರು ಒಡೆಯುವ ಬಿರುಕಿನಲ್ಲಿ ನುಸುಳುತ್ತದೆ. ಗಂಟಿಗೆ ಬೇಕಾದ ಶಕ್ತಿಯನ್ನೆಲ್ಲ ಗಿಡವೇ ಕೊಡಬೇಕು. ಹಾಗಾಗಿ ಮಣ್ಣಿನಲ್ಲಿ ಯೂರಿಯಾ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವ ಗೊಡವೆಗೇ ಹೋಗುವುದಿಲ್ಲ. ದ್ವಿದಳ ಬೆಳೆಗೆ ಆರಂಭದ ಅಲ್ಪ ಸಾರಜನಕ ಸಾಕು ಎನ್ನುವುದು ಈ ಕಾರಣಕ್ಕೆ. ಜೀವಾಣು ಹಚ್ಚಿ ಮೇಲೊಂದು ಚೀಲ ಯೂರಿಯಾ ಎರಚಿದರೆ ಎರಡರಲ್ಲಿ ಒಂದು ದಂಡ.

ನಮ್ಮಲ್ಲಿ ವಾಣಿಜ್ಯ ತಯಾರಿಕೆ ಶುರುವಾದದ್ದು 1950ರ ದಶಕದಲ್ಲಿ. ಬೇಡಿಕೆ ತಂದದ್ದು ಮಾತ್ರ ಸೋಯಾ ಅವರೆ. ಅದು ಹೊರಗಿನಿಂದ ಬಂದ ಬೆಳೆ, ಅದಕ್ಕೆ ಒಪ್ಪುವ ಬ್ರಾಡಿರೈಜೋಬಿಯಂ (ರೈಜೋಬಿಯಂನ ಸಂಬಂಧಿ ಬ್ಯಾಕ್ಟೀರಿಯಾ) ಇಲ್ಲಿನ ಬಹುತೇಕ ಮಣ್ಣಿನಲ್ಲಿ ಇರಲಿಲ್ಲ. ಹಚ್ಚಿದ ಸಾಲು ಹಸಿರು, ಹಚ್ಚದ ಸಾಲು ಹಳದಿ, ಯಾರಿಗಾದರೂ ಕಾಣುವಂಥ ವ್ಯತ್ಯಾಸ. ಆ ಯಶಸ್ಸನ್ನೇ ತೊಗರಿ, ಶೇಂಗಾ, ಅಲಸಂದೆಗೂ ಅನ್ವಯಿಸಿದಾಗ ಗೋಜಲು ಹುಟ್ಟಿತು. ಈ ಬೆಳೆಗಳಿಗೆ ಒಪ್ಪುವ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ಮೊದಲೇ ತುಂಬಿವೆ. ಪೊಟ್ಟಣದ ತಳಿ ಎಷ್ಟೇ ಚುರುಕಾಗಿದ್ದರೂ, ಸಂಖ್ಯೆಯಲ್ಲಿ ಹೆಚ್ಚಿರುವ ಸ್ಥಳೀಯ ತಳಿಗಳೇ ಗಂಟುಗಳನ್ನು ಮೊದಲು ಹಿಡಿಯುತ್ತವೆ. ಅಮೆರಿಕದ ಸೋಯಾ ಹೊಲಗಳಲ್ಲೂ ಸಂಶೋಧಕರು ದಶಕಗಟ್ಟಲೆ ಗುದ್ದಾಡಿದ್ದು ಇದೇ ಪೈಪೋಟಿಯ ಜೊತೆ.

1983ರಲ್ಲಿ ಇಂಥ ಜೀವಾಣು ಗೊಬ್ಬರಗಳಿಗಾಗಿ ರಾಷ್ಟ್ರೀಯ ಯೋಜನೆ ಬಂತು, ತಯಾರಿಕಾ ಘಟಕಗಳು ಹೆಚ್ಚಿದವು. ಆದರೆ ಜೀವಾಣು ಗೊಬ್ಬರ, ಗುಣಮಟ್ಟ ನಿಗದಿಪಡಿಸುವ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದದ್ದು 2006ರಲ್ಲಿ. ನಡುವಿನ ಎರಡು ದಶಕಗಳಲ್ಲಿ ಲೆಕ್ಕಕ್ಕೆ ಸಿಗುತ್ತಿದ್ದುದು ಹಂಚಿದ ಪೊಟ್ಟಣಗಳೇ ಹೊರತು ಬೇರಿನ ಮೇಲಿನ ಗಂಟುಗಳಲ್ಲ. ಗೋದಾಮಿನ ರಿಜಿಸ್ಟರಿನಲ್ಲಿ ಗಂಟಿಗೆ ಕಾಲಂ ಎಲ್ಲಿಂದ ಬರಬೇಕು?

ಪುಡಿ ರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಮಿ.ಲೀ.ಗೆ 10 ಕೋಟಿ ಜೀವಂತ ಕೋಶಗಳಿರಬೇಕು ಎಂಬುದು ಆದೇಶದ ನಿಯಮ. 200 ಗ್ರಾಂನಲ್ಲಿ 1,000 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಅದನ್ನು 10 ಕೆ.ಜಿ. ಸೋಯಾಗೆ, ಅಂದರೆ ಸುಮಾರು 80-90 ಸಾವಿರ ಬೀಜಗಳಿಗೆ ಹಂಚಿದರೆ ಬೀಜಕ್ಕೆ 1 ಲಕ್ಷ ಚಿಲ್ಲರೆ ಬರುತ್ತದೆ. ದೊಡ್ಡ ಬೀಜವೊಂದಕ್ಕೆ ಕೆನಡಾದ ನಿಯಮ ಕೇಳುವುದೂ 1 ಲಕ್ಷ. ಸೋಯಾಗೆ ಫ್ರಾನ್ಸ್ ಕೇಳುವುದು 10 ಲಕ್ಷ. ಅಂದರೆ ನಿಯಮ ಪೂರ್ತಿ ಪಾಲಿಸಿದ ಪೊಟ್ಟಣದಲ್ಲೂ ಸಾಯಲು ಬಿಡುವಷ್ಟು ಹೆಚ್ಚುವರಿ ಇಲ್ಲ. ಬ್ಯಾಕ್ಟೀರಿಯಾ ಬೆರೆಸುವ ಲಿಗ್ನೈಟ್ (ಕಂದು ಕಲ್ಲಿದ್ದಲು) ಪುಡಿಯನ್ನು ಸರಿಯಾಗಿ ಕ್ರಿಮಿಶುದ್ಧ ಮಾಡದಿದ್ದರೆ ಬೇರೆ ಸೂಕ್ಷ್ಮಜೀವಿಗಳು ರೈಜೋಬಿಯಂ ಅನ್ನು ಮೀರಿ ಬೆಳೆಯುತ್ತವೆ. ತೇವ ಶೇ 30-40 ಇರಬೇಕು, ಒಣಗಿದರೆ ಕೋಶ ಸಾಯುತ್ತದೆ. ಕಲಬುರಗಿಯ ಮೇ ತಿಂಗಳ 40 ಡಿಗ್ರಿಯಲ್ಲಿ ತಗಡಿನ ಚಾವಣಿಯ ಕೋಣೆಯಲ್ಲಿ ಪೇರಿಸಿಟ್ಟ ಪೊಟ್ಟಣಕ್ಕೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಹೊಲದ ಅಂಚಿನಲ್ಲೂ ತಪ್ಪಲು ಬೇಕಾದಷ್ಟು ದಾರಿಗಳಿವೆ. ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಬೇಕು. ಬಿಸಿಯಿದ್ದಾಗಲೇ ಪುಡಿ ಕಲಸಿದರೆ ಜೀವಾಣು ಬೆಂದುಹೋಗುತ್ತದೆ. ಬೀಜಕ್ಕೆ ತೆಳುವಾಗಿ ಅಂಟುವಷ್ಟೇ ಪಾಕ ಹಾಕಿ. ಹೆಚ್ಚಾದರೆ ಸೋಯಾದ ಸಿಪ್ಪೆ ಸುಲಿಯುತ್ತದೆ. ನೆರಳಿನಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ಶಿಲೀಂಧ್ರನಾಶಕ ಬೇಕಿದ್ದರೆ ಅದು ಮೊದಲು, ನಂತರ ಕೀಟನಾಶಕ, ಕೊನೆಗೆ ಇಮ್ಮಡಿ ಪ್ರಮಾಣದ ರೈಜೋಬಿಯಂ. ರಸಗೊಬ್ಬರದ ಜೊತೆ ಬೆರೆಸಿ ಬಿತ್ತಬಾರದು.

ಫಲ ತಿಳಿಯಲು ಇಳುವರಿಗೆ ಕಾಯಬೇಕಿಲ್ಲ. 40-45 ದಿನಕ್ಕೆ ಗಿಡವನ್ನು ಕೀಳದೆ ಸನಿಕೆಯಿಂದ ಮಣ್ಣು ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ಬಿಡಿಸಿ. ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಉಗುರಿನಿಂದ ತಳ್ಳಿದರೆ ಉದುರುವುದು ರೈಜೋಬಿಯಂ ಗಂಟು. ಬೇರೇ ಊದಿಕೊಂಡಂತಿದ್ದು ಬಿಡಿಸಲು ಬಾರದಿದ್ದರೆ ಅದು ಮಣ್ಣಿನ ಜಂತುಹುಳುವಿನ (ನೆಮಟೋಡ್) ಕೆಲಸ. ಗಂಟನ್ನು ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಲೆಗ್‌ಹಿಮೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ಇದೆ, ಕೆಲಸ ನಡೆದಿದೆ. ಬಿಳಿ ಇದ್ದರೆ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು, ಹಸಿರು ಇದ್ದರೆ ಅವಧಿ ಮುಗಿದದ್ದು.

ಪೊಟ್ಟಣದಿಂದಲೇ ಬಂದ ಗಂಟೋ ಮಣ್ಣಿನದೋ ಎಂದು ತಿಳಿಯಬೇಕಾದರೆ ಹೊಲದಲ್ಲಿ ಒಂದು ಪಟ್ಟಿಯನ್ನು ಹಚ್ಚದ ಬೀಜದಿಂದ ಬಿತ್ತಬೇಕು. ಆ ಪಟ್ಟಿಯನ್ನೇ ಮೊದಲು ಬಿತ್ತಿ. ಆಮೇಲೆ ಬಿತ್ತಿದರೆ ಕೂರಿಗೆಗೆ ಅಂಟಿದ ಪುಡಿಯೇ ಅಲ್ಲಿಗೂ ಜೀವಾಣು ಸಾಗಿಸಿ ಹೋಲಿಕೆಯನ್ನು ಕೆಡಿಸುತ್ತದೆ.