ಮೇ ತಿಂಗಳ ಚಂಡಮಾರುತ ಕೊಡಗಿನ ಯಾವ ಮಗ್ಗುಲಿಗಿದೆ?

ಭರಣಿ ಮಳೆ ಮುಗಿದು ಕೃತ್ತಿಕಾ ಹಿಡಿಯುವ ಹೊತ್ತಿಗೆ, ಅಂದರೆ ಮೇ ಎರಡನೇ ವಾರದಲ್ಲಿ, ಕೊಡಗಿನ ಬೆಳೆಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಣ್ಣಬಣ್ಣದ ನಕ್ಷೆಗಳು ಓಡಾಡತೊಡಗುತ್ತವೆ. ಅರಬ್ಬಿ ಸಮುದ್ರದಲ್ಲೊಂದು ಸುಳಿ, ಸುಳಿಯಿಂದ ಹೊರಟ ಗೆರೆ, ಗೆರೆಯ ತುದಿಗೆ ಗುಜರಾತೋ ಒಮಾನೋ. ಗೆರೆ ನಮ್ಮ ಕಡೆ ತಿರುಗಿಲ್ಲ ಎಂದು ಕಂಡೊಡನೆ ಎಷ್ಟೋ ಮಂದಿ ನಿಶ್ಚಿಂತರಾಗಿ ಮರುದಿನದ ಔಷಧಿ ಸಿಂಪಡಣೆಗೆ ಆಳು ಹೇಳಿಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ. ಚಂಡಮಾರುತದ ಕೇಂದ್ರ ಕೊಡಗಿನ ಮೇಲೆ ಹಾಯುವ ಸಂಭವ ತೀರಾ ಕಡಿಮೆ. ಕೇಂದ್ರದ ಕಡೆಗೆ ನೂರಾರು ಕಿಲೋಮೀಟರ್ ದೂರದಿಂದ ನುಗ್ಗುವ ಗಾಳಿ ದಾರಿಯಲ್ಲಿ ಘಟ್ಟಕ್ಕೆ ಬಡಿಯುತ್ತದಲ್ಲ, ನಮ್ಮ ಮಳೆ ಅದರದ್ದು. ಹಾಗಾಗಿ ಅದು ಎಲ್ಲಿ ದಡ ಸೇರುತ್ತದೆ ಎಂದು ಕೇಳುವ ಮೊದಲು, ಇವತ್ತು ನಮ್ಮ ಯಾವ ಮಗ್ಗುಲಿಗಿದೆ ಎಂದು ಕೇಳಬೇಕು.

ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದಲ್ಲಿ ಚಂಡಮಾರುತಕ್ಕೆ ವರ್ಷದಲ್ಲಿ ಎರಡು ಕಾಲ: ಏಪ್ರಿಲ್‌ನಿಂದ ಜೂನ್, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಆ ಬಿಸಿ ಮೇಲ್ಪದರಕ್ಕೆ ಸೀಮಿತವಾಗದೆ 50 ಮೀಟರ್ ಆಳದವರೆಗೂ ಇರಬೇಕು. ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ನೀರು ಅನೇಕ ಕಡೆ 29–30 ಡಿಗ್ರಿ ಮುಟ್ಟುವುದರಿಂದ ಇದಕ್ಕೆ ಕೊರತೆಯಿಲ್ಲ. ಜುಲೈನಲ್ಲಿಯೂ ನೀರು ಸಾಕಷ್ಟು ಬೆಚ್ಚಗೇ ಇರುತ್ತದೆ, ಆದರೆ ಚಂಡಮಾರುತ ಏಳುವುದು ತೀರಾ ಅಪರೂಪ. ಆಗ ಕೆಳಗೆ ಮುಂಗಾರಿನ ಪಶ್ಚಿಮ ಗಾಳಿ, ಹದಿನಾಲ್ಕು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಅದಕ್ಕೆ ತದ್ವಿರುದ್ಧವಾದ ರಭಸದ ಪೂರ್ವ ಗಾಳಿ. ನೆಟ್ಟಗೆ ಏಳಬೇಕಾದ ಮೋಡದ ಕಂಬ ಈ ಎರಡರ ನಡುವೆ ಸಿಕ್ಕಿ ಓರೆಯಾಗಿ ಚದುರಿಹೋಗುತ್ತದೆ. ಮುಂಗಾರು ಪೂರ್ತಿ ಬೀಡುಬಿಡುವ ಮುಂಚಿನ ಕೆಲವು ವಾರಗಳಲ್ಲಿ ಮಾತ್ರ ಬಿಸಿ ನೀರೂ ಇದೆ, ಮೇಲಿನ ಗಾಳಿಯ ಕಾಟವೂ ಕಡಿಮೆ.

ಈಗ ಮಗ್ಗುಲಿನ ಲೆಕ್ಕ. ಉತ್ತರ ಗೋಳಾರ್ಧದಲ್ಲಿ ಗಾಳಿ ಚಂಡಮಾರುತದ ಸುತ್ತ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಕೇಂದ್ರ ಲಕ್ಷದ್ವೀಪದ ಬಳಿ, ನಮಗೆ ನೈಋತ್ಯದಲ್ಲಿದ್ದಾಗ ಕೊಡಗಿಗೆ ಬರುವುದು ಆಗ್ನೇಯದ ಗಾಳಿ. ಅದು ಮೈಸೂರು ಕಡೆಯ ಬಯಲನ್ನು ಹಾದು ಬರುತ್ತದೆ. ಬಿಟ್ಟು ಬಿಟ್ಟು ಮಳೆ, ಮಧ್ಯೆ ಬಿಸಿಲು. ಕೇಂದ್ರ ನೇರ ಪಶ್ಚಿಮಕ್ಕೆ ಬಂದಾಗ ಗಾಳಿ ದಕ್ಷಿಣದಿಂದ ಬೀಸುತ್ತದೆ, ಘಟ್ಟದ ಸಾಲಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ. ಕೇಂದ್ರ ನಮ್ಮ ಅಕ್ಷಾಂಶ ದಾಟಿ ಗೋವಾದ ಕಡೆ ಹೋದ ಮೇಲೆ ಗಾಳಿ ನೈಋತ್ಯಕ್ಕೆ, ಮತ್ತೆ ಪಶ್ಚಿಮಕ್ಕೆ ತಿರುಗುತ್ತದೆ. ಆಗ ಕಡಲ ತೇವವೆಲ್ಲ ಬ್ರಹ್ಮಗಿರಿ, ತಡಿಯಂಡಮೋಳ್, ಪುಷ್ಪಗಿರಿಯ ಸಾಲಿಗೆ ಎದುರಾಗಿ ಬಡಿಯುತ್ತದೆ. ಸಮುದ್ರದಿಂದ ಮಡಿಕೇರಿಗೆ ನೇರ ಗೆರೆಯಲ್ಲಿ 70–80 ಕಿಲೋಮೀಟರ್ ಮಾತ್ರ. ಅಷ್ಟರಲ್ಲಿ ಗಾಳಿ ಸಾವಿರ ಮೀಟರಿಗಿಂತ ಮೇಲೇರಬೇಕು. ಏರುವ ಗಾಳಿ ಮೋಡ ಕಟ್ಟುವವರೆಗೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ, ಕಟ್ಟಿದ ಮೇಲೆ ಅದರ ಅರ್ಧದಷ್ಟು ತಣ್ಣಗಾಗುತ್ತಾ ಹೊತ್ತು ತಂದ ನೀರನ್ನು ಇಳಿಸಿಬಿಡುತ್ತದೆ. ಚಂಡಮಾರುತ ದಾಟಿಹೋಯಿತು ಎಂದು ಟಿವಿಯಲ್ಲಿ ಹೇಳುವ ಹೊತ್ತಿಗೇ ಕೊಡಗಿನಲ್ಲಿ ಮಳೆ ಜೋರಾಗುವುದು ಇದೇ ಕಾರಣಕ್ಕೆ.

2021ರ ಮೇ ತಿಂಗಳ 'ತೌಕ್ತೆ' ಇದಕ್ಕೆ ಒಳ್ಳೆಯ ಉದಾಹರಣೆ. ಮೇ 14ರಂದು ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವಾಗಿ ರೂಪುಗೊಂಡ ಅದು 16ರಂದು ಗೋವಾ ಕರಾವಳಿಯ ಪಶ್ಚಿಮಕ್ಕಿತ್ತು, 17ರ ರಾತ್ರಿ ಸೌರಾಷ್ಟ್ರದಲ್ಲಿ ದಡ ಸೇರಿತು. ನಮ್ಮ ಎದುರಿನಿಂದ ಹಾಯುವಾಗ ಅದರ ಕೇಂದ್ರ 72.5 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿತ್ತು. ಮಡಿಕೇರಿ ಇರುವುದು 75.7 ಡಿಗ್ರಿಯಲ್ಲಿ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 108 ಕಿಲೋಮೀಟರ್, ಅಂದರೆ ಸುಮಾರು 350 ಕಿಲೋಮೀಟರ್ ಅಂತರ. ಆದರೂ ಕರಾವಳಿಯ ಮೂರು ಜಿಲ್ಲೆಗಳ ಜೊತೆಗೆ ಕೊಡಗೂ ಗಾಳಿ ಮಳೆಗೆ ಸಿಕ್ಕಿತು. 2023ರ ಜೂನ್‌ನ 'ಬಿಪರ್‌ಜಾಯ್' ಅದಕ್ಕೆ ವಿರುದ್ಧ. ಅದು 66–68 ಡಿಗ್ರಿಯ ಆಸುಪಾಸಿನಲ್ಲೇ ಉತ್ತರಕ್ಕೆ ಸಾಗಿ, ಜೂನ್ 15ರಂದು ಗುಜರಾತಿನ ಜಖಾವು ಬಂದರಿನ ಬಳಿ ದಡ ಸೇರಿತು. ನಮ್ಮಿಂದ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರದಲ್ಲಿ ಕೂತ ಚಂಡಮಾರುತ ತೇವವನ್ನೆಲ್ಲ ತನ್ನ ಕಡೆಗೇ ಸೆಳೆದುಕೊಳ್ಳುತ್ತದೆ, ಘಟ್ಟಕ್ಕೆ ಬಡಿಯುವ ಗಾಳಿ ಸೊರಗುತ್ತದೆ. ಆ ವರ್ಷ ಕೇರಳಕ್ಕೆ ಮುಂಗಾರು ಮುಟ್ಟಿದ್ದೇ ಜೂನ್ 8ಕ್ಕೆ, ಕೊಡಗಿನಲ್ಲಿ ಜೂನ್ ತಿಂಗಳ ಮಳೆ ಬಹಳ ಕೊರತೆಯಾಯಿತು. ಗೊಬ್ಬರ ಹಾಕಿ ಮಳೆಗೆ ಕಾಯುವವರಿಗೆ ಇಂಥ ಚಂಡಮಾರುತವೇ ಹೆಚ್ಚು ನಷ್ಟ. ಕೈಲೆಕ್ಕಕ್ಕೆ ಹೀಗೆ ಹಿಡಿಯಬಹುದು: ಕೇಂದ್ರ 71ಕ್ಕಿಂತ ಪೂರ್ವಕ್ಕಿದ್ದು ಉತ್ತರಕ್ಕೆ ಸಾಗುತ್ತಿದ್ದರೆ ಮಳೆಗೆ ಸಿದ್ಧರಾಗಿ, 68ಕ್ಕಿಂತ ಪಶ್ಚಿಮಕ್ಕಿದ್ದರೆ ಮಳೆ ತಡವಾಗಬಹುದು.

ಹೆಸರಿಟ್ಟ ಚಂಡಮಾರುತವೇ ಆಗಬೇಕೆಂದೂ ಇಲ್ಲ. 2025ರ ಮೇ 24ರಂದು ರತ್ನಾಗಿರಿ ಬಳಿ ದಡ ಸೇರಿದ್ದು ಬರಿಯ ವಾಯುಭಾರ ಕುಸಿತ, ಅದಕ್ಕೆ ಹೆಸರೇ ಇರಲಿಲ್ಲ. ಆದರೆ ಅದು ಇದ್ದದ್ದು ನಮಗೆ ವಾಯವ್ಯದಲ್ಲಿ. ಅದೇ ದಿನ ಕೇರಳಕ್ಕೆ ಮುಂಗಾರು ಕಾಲಿಟ್ಟಿತು, ಕೊಡಗಿನಲ್ಲಿ ರೋಹಿಣಿ ಮಳೆ ಆಷಾಢದ ಮಳೆಯಂತೆ ಸುರಿಯಿತು. ಬಂಗಾಳ ಕೊಲ್ಲಿಯ ಕುಸಿತಗಳೂ ಹೀಗೆಯೇ. ಮಳೆಗಾಲದ ನಡುವಿನ ಉದಾಹರಣೆಯಾದರೂ 2018ರ ಆಗಸ್ಟ್ ಅನ್ನು ಕೊಡಗು ಮರೆಯುವಂತಿಲ್ಲ: ಆ ತಿಂಗಳ ಮಧ್ಯದಲ್ಲಿ ಒಡಿಶಾ ಕರಾವಳಿಯ ಬಳಿ ಇದ್ದ ವಾಯುಭಾರ ಕುಸಿತ ಸಾವಿರ ಕಿಲೋಮೀಟರ್ ಆಚೆಯಿಂದಲೇ ಪಶ್ಚಿಮ ಗಾಳಿಯನ್ನು ಬಲಪಡಿಸಿತು, ಇಲ್ಲಿ ಗುಡ್ಡಗಳು ಜರಿದವು.

ಹವಾಮಾನ ಇಲಾಖೆಯ ಬುಲೆಟಿನ್ ಓದುವುದು ಕಷ್ಟವಲ್ಲ, ಆದರೆ ಎರಡು ಕಡೆ ಎಡವುತ್ತೇವೆ. ಮೊದಲನೆಯದು ಸಮಯ. ದೆಹಲಿಯ ಚಂಡಮಾರುತ ಕೇಂದ್ರ ಅಂತರರಾಷ್ಟ್ರೀಯ ಬುಲೆಟಿನ್‌ಗಳನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಕೊಡುತ್ತದೆ, ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು. 0300 ಯುಟಿಸಿ ಎಂದರೆ ನಮ್ಮ ಬೆಳಿಗ್ಗೆ 8.30. ವಾಯುಭಾರ ಕುಸಿತದ ಹಂತದಲ್ಲಿ ಬುಲೆಟಿನ್ ದಿನಕ್ಕೆ ಐದು ಸಲ, ಚಂಡಮಾರುತವಾದ ಮೇಲೆ ಮೂರು ಗಂಟೆಗೊಮ್ಮೆ. ಎರಡನೆಯದು ಹಂತಗಳ ಹೆಸರು. ಗಾಳಿಯ ವೇಗ ಗಂಟೆಗೆ 31–49 ಕಿಲೋಮೀಟರ್ ಇದ್ದರೆ ವಾಯುಭಾರ ಕುಸಿತ, 50–61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರು ಬರುವುದು ಆಗಲೇ. ಇವೆಲ್ಲ ಕೇಂದ್ರದ ಸುತ್ತಲಿನ ಗಾಳಿಯ ಲೆಕ್ಕ, ಕೊಡಗಿನ ಮಳೆಯದ್ದಲ್ಲ. ಮಳೆಗೆ ಜಿಲ್ಲಾವಾರು ಮುನ್ನೆಚ್ಚರಿಕೆಯನ್ನೇ ನೋಡಬೇಕು. ಅದರಲ್ಲಿ 'ಭಾರಿ ಮಳೆ' ಎಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಮೇಲೆ, ನಮ್ಮ ಲೆಕ್ಕದಲ್ಲಿ ಎರಡೂವರೆ ಇಂಚು. 115.6 ದಾಟಿದರೆ 'ಅತಿ ಭಾರಿ', ನಾಲ್ಕೂವರೆ ಇಂಚು. 204.5 ಮುಟ್ಟಿದರೆ 'ಅತ್ಯಂತ ಭಾರಿ', ಎಂಟು ಇಂಚು.

ಬುಲೆಟಿನ್‌ನಲ್ಲಿ ಕೇಂದ್ರದ ಅಕ್ಷಾಂಶ ರೇಖಾಂಶ ಇರುತ್ತದೆ. ಅದನ್ನು ಗ್ರಾಫ್ ಕಾಗದದ ಮೇಲೆ ನೀವೇ ಗುರುತು ಹಾಕಿಕೊಳ್ಳಿ ಎಂಬುದು ನಮ್ಮ ಒತ್ತಾಯ. ಮೊಬೈಲ್‌ನಲ್ಲಿ ನೂರು ನಕ್ಷೆ ನೋಡಿದರೂ ಅಷ್ಟು ಸ್ಪಷ್ಟವಾಗುವುದಿಲ್ಲ. ಒಂದು ಡಿಗ್ರಿಗೆ ಎರಡು ಸೆಂಟಿಮೀಟರ್ ಹಿಡಿದರೆ ಸಾಕು. ಮಡಿಕೇರಿಯನ್ನು 12.4 ಉತ್ತರ, 75.7 ಪೂರ್ವದಲ್ಲಿ ಗುರುತಿಸಿ. ಬೆಳಿಗ್ಗೆ 5.30ಕ್ಕೆ ಕೇಂದ್ರ 11.5 ಉತ್ತರದಲ್ಲಿ, ಸಂಜೆ 5.30ಕ್ಕೆ 12.9ರಲ್ಲಿ ಇದೆ ಎಂದುಕೊಳ್ಳಿ. 1.4 ಡಿಗ್ರಿಯನ್ನು 111ರಿಂದ ಗುಣಿಸಿದರೆ 155 ಕಿಲೋಮೀಟರ್. ಹನ್ನೆರಡು ಗಂಟೆಗೆ ಭಾಗಿಸಿದರೆ ಗಂಟೆಗೆ 13 ಕಿಲೋಮೀಟರ್. ಅದು ನಮ್ಮ ಅಕ್ಷಾಂಶ ದಾಟಿದ್ದು ಮಧ್ಯಾಹ್ನ ಒಂದೂಕಾಲರ ಸುಮಾರಿಗೆ ಎಂದು ಗೊತ್ತಾಯಿತು, ಗಾಳಿ ಪಶ್ಚಿಮಕ್ಕೆ ತಿರುಗುವುದು ಅಲ್ಲಿಂದ ಮುಂದೆ. ಮೂರು ಗಂಟೆಯ ಅಂತರದ ಎರಡು ಗುರುತುಗಳಿಂದ ಮಾತ್ರ ಈ ಲೆಕ್ಕ ಹಾಕಬೇಡಿ. ಕಡಲ ನಡುವೆ ಕೇಂದ್ರವನ್ನು ಹೆಚ್ಚಾಗಿ ಉಪಗ್ರಹ ಚಿತ್ರದಿಂದ ಅಂದಾಜಿಸುತ್ತಾರೆ, ಹತ್ತಾರು ಕಿಲೋಮೀಟರ್ ಆಚೀಚೆ ಆಗುವುದು ಸಹಜ. ಆ ಆಚೀಚೆಯನ್ನೇ ದಿಕ್ಕು ಬದಲಿಸಿತು ಎಂದು ಓದಿದರೆ ದಾರಿ ತಪ್ಪುತ್ತೀರಿ.

ಮುನ್ಸೂಚನೆಯ ಗೆರೆಯ ಸುತ್ತ ಮುಂದೆ ಹೋದಂತೆ ಅಗಲವಾಗುವ ಶಂಕುವೂ ಇರುತ್ತದೆ. ಕೇಂದ್ರ ಎಲ್ಲೆಲ್ಲಿ ಇರಬಹುದು ಎಂಬುದರ ಹರವು ಅದು. ಮಳೆ ಬೀಳುವ ಜಾಗವೆಂದು ಅದನ್ನು ಓದಬಾರದು. ಇಲಾಖೆಯ ಮುನ್ಸೂಚನೆಯಲ್ಲಿ ಕೇಂದ್ರದ ಜಾಗ ಸರಾಸರಿ ಒಂದು ದಿನ ಮುಂಚೆ 80 ಕಿಲೋಮೀಟರಿನಷ್ಟು, ಎರಡು ದಿನಕ್ಕೆ 120ರಷ್ಟು, ಮೂರು ದಿನಕ್ಕೆ 160ರಷ್ಟು ತಪ್ಪುತ್ತದೆ. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಹತ್ತು ದಿನ ಮುಂಚೆ ವಿಂಡಿ ಆ್ಯಪ್‌ನಲ್ಲಿ ಕಾಣುವ ಕೆಂಪು ಸುಳಿಗೆ ಈ ನಂಬಿಕೆ ಕೊಡಲಾಗದು. ಅದು ಒಂದೇ ಕಂಪ್ಯೂಟರ್ ಮಾದರಿ ಒಂದು ಸಲ ಹಾಕಿದ ಲೆಕ್ಕ, ಅಂದರೆ ಒಂದೇ ಓಟ, ಆರೋ ಹನ್ನೆರಡೋ ಗಂಟೆಯ ನಂತರದ ಓಟದಲ್ಲಿ ಮಾಯವಾಗಿರಬಹುದು. ಎರಡು ಬೇರೆ ಮಾದರಿಗಳು ಎರಡು ಮೂರು ದಿನ ಸತತವಾಗಿ ಅದೇ ಜಾಗ ತೋರಿಸಿದರೆ ಗಮನ ಕೊಡಿ. ಇಲಾಖೆ ಪ್ರತಿ ಗುರುವಾರ ಎರಡು ವಾರಗಳ ಮುನ್ನೋಟ ಕೊಡುತ್ತದೆ, ಅಷ್ಟು ದೂರದ ಮಾತಿಗೆ ಅದೇ ಮೇಲು.

ಇನ್ಸಾಟ್ ಉಪಗ್ರಹದ ಚಿತ್ರಗಳಲ್ಲಿ ಒಂದು ಮೋಸವಿದೆ. ಇನ್‌ಫ್ರಾರೆಡ್ ಚಿತ್ರ ತೋರಿಸುವುದು ಮೋಡದ ನೆತ್ತಿಯ ತಾಪ. ನೆತ್ತಿ ಎತ್ತರವಾಗಿ ತಣ್ಣಗಿದ್ದಷ್ಟೂ ಅಚ್ಚ ಬಿಳಿ. ಘಟ್ಟಕ್ಕೆ ಬಡಿದು ಸುರಿಯುವ ಮಳೆ ಎಷ್ಟೋ ಸಲ ತಗ್ಗು ಮೋಡದ್ದು, ಅದರ ನೆತ್ತಿ ಬೆಚ್ಚಗಿರುತ್ತದೆ. ಚಿತ್ರದಲ್ಲಿ ಕೊಡಗಿನ ಮೇಲೆ ಮಸುಕು ಬೂದು ಮಾತ್ರ ಕಾಣುತ್ತದೆ, ಭಾಗಮಂಡಲದಲ್ಲಿ ಸಂಗಮದ ನೀರು ಏರುತ್ತಿರುತ್ತದೆ. ರೇಡಾರಿನಿಂದಲೂ ಪೂರ್ತಿ ಪರಿಹಾರವಿಲ್ಲ. ಕೊಚ್ಚಿಯ ರೇಡಾರಿನಿಂದ ಮಡಿಕೇರಿಗೆ ಸುಮಾರು 280 ಕಿಲೋಮೀಟರ್. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣವೂ ಭೂಮಿಯ ಬಾಗಿನಿಂದಾಗಿ ಇಲ್ಲಿಗೆ ಬರುವಾಗ ಏಳು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ತಗ್ಗು ಮೋಡದ ತಲೆಯ ಮೇಲೆ ಹಾದುಹೋಗುತ್ತದೆ. ಇಲ್ಲಿ ನಂಬಬೇಕಾದದ್ದು ನೆಲದ ಮೇಲಿನ ಮಳೆಮಾಪಕವನ್ನು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಸ್ವಯಂಚಾಲಿತ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ನಿಮಗಿಂತ ಪಶ್ಚಿಮದ ಊರಿನ ಮಾಪಕವನ್ನು ಮೊದಲು ನೋಡಿ. ಭಾಗಮಂಡಲದಿಂದ ಕುಶಾಲನಗರಕ್ಕೆ ನೇರ 45 ಕಿಲೋಮೀಟರ್ ಇರಬಹುದು, ಆದರೆ ಕುಶಾಲನಗರದ ವರ್ಷದ ಮಳೆ ಭಾಗಮಂಡಲದ್ದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆಯ ಮುನ್ನೆಚ್ಚರಿಕೆ ಎರಡೂ ಊರಿಗೆ ಒಂದೇ ಅರ್ಥ ಕೊಡುವುದಿಲ್ಲ.

ತೋಟದಲ್ಲೇ ನಿಂತು ನೋಡಬಹುದಾದದ್ದೂ ಇದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಕೇಂದ್ರ ನಿಮ್ಮ ಎಡಕ್ಕೆ, ತುಸು ಮುಂದಕ್ಕೆ ಇರುತ್ತದೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ಈ ನಿಯಮ ಕಡಲಲ್ಲಿ ಚೆನ್ನಾಗಿ ನಡೆಯುತ್ತದೆ, ಬೆಟ್ಟಗಳ ನಡುವೆ ಹಾಗೇ ಬಳಸಿದರೆ ಕೈಕೊಡುತ್ತದೆ, ಏಕೆಂದರೆ ಕಣಿವೆ ಗಾಳಿಯನ್ನು ತಿರುಗಿಸಿರುತ್ತದೆ. ಅದಕ್ಕೆ ಬದಲು ಬೆಟ್ಟದ ತುದಿ ದಾಟುವ ತಗ್ಗು ಮೋಡ ಯಾವ ಕಡೆ ಓಡುತ್ತಿದೆ ನೋಡಿ. ಮಧ್ಯಾಹ್ನದ ನಂತರ ಗುಡುಗು ಸಿಡಿಲಿನೊಂದಿಗೆ ಪೂರ್ವದಿಂದ ಬಂದು ಒಂದೆರಡು ಗಂಟೆಯಲ್ಲಿ ಮುಗಿದರೆ ಅದು ಮಾಮೂಲಿ ಬೇಸಿಗೆ ಮಳೆ. ಗುಡುಗಿಲ್ಲದೆ, ಹಗಲು ರಾತ್ರಿ ಎನ್ನದೆ, ಪಶ್ಚಿಮದಿಂದ ಅಲೆ ಅಲೆಯಾಗಿ ಬಂದರೆ ಕಡಲಲ್ಲಿ ಏನೋ ಇದೆ.

ಬ್ಯಾರೊಮೀಟರ್ ಇರುವ ಮೊಬೈಲ್‌ಗಳು ಈಗ ಹಲವರ ಬಳಿ ಇವೆ. ಮಡಿಕೇರಿಯ ಎತ್ತರದಲ್ಲಿ ಒತ್ತಡ 885 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಹತ್ತು ಮೀಟರ್ ಮೇಲೆ ಹತ್ತಿದರೆ ಒಂದು ಹೆಕ್ಟೊಪಾಸ್ಕಲ್ ಇಳಿಯುವುದರಿಂದ ಯಾವಾಗಲೂ ಒಂದೇ ಮೇಜಿನ ಮೇಲಿಟ್ಟು ಓದಬೇಕು. ಒತ್ತಡ ದಿನವೂ ಬೆಳಿಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಏರುತ್ತದೆ, ಬೆಳಗಿನ ಜಾವ 4 ಮತ್ತು ಸಂಜೆ 4ರ ಸುಮಾರಿಗೆ ಇಳಿಯುತ್ತದೆ. ಈ ಏರಿಳಿತವೇ ಮೂರು ನಾಲ್ಕು ಹೆಕ್ಟೊಪಾಸ್ಕಲ್. ದೂರದ ಚಂಡಮಾರುತ ಇಲ್ಲಿ ತರುವ ಇಳಿತವೂ ಬಹುಪಾಲು ಅಷ್ಟೇ. ಹಾಗಾಗಿ ಬೆಳಿಗ್ಗೆಯ ಅಂಕಿಯನ್ನು ಸಂಜೆಯದರ ಜೊತೆ ಹೋಲಿಸಿದರೆ ಏನೂ ತಿಳಿಯದು, ನಿನ್ನೆ ಇದೇ ಹೊತ್ತಿನ ಅಂಕಿಯೊಂದಿಗೆ ಹೋಲಿಸಬೇಕು.

ಮಳೆಮಾಪಕವನ್ನು ಸಿಲ್ವರ್ ಓಕ್ ಮರದಡಿ ಇಟ್ಟರೆ ಲೆಕ್ಕ ಕೆಟ್ಟಂತೆ. ಹತ್ತಿರದ ಮರ, ಮಾಡು ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಬೇಕು. ಮಳೆಗೆ ಮುಂಚೆ ಆಲಿಕೆಯಲ್ಲಿ ಸಿಕ್ಕಿದ ಎಲೆ ತೆಗೆಯಿರಿ. ಬಾಯಿ 200 ಚದರ ಸೆಂಟಿಮೀಟರ್ ಇರುವ ಮಾಪಕಕ್ಕೆ 100 ಚದರ ಸೆಂಟಿಮೀಟರಿನ ಮಾಪಕದ ಅಳತೆ ಗಾಜು ಹಿಡಿದರೆ ಮಳೆ ಎರಡು ಪಟ್ಟು ತೋರುತ್ತದೆ. ಗಾಜು ಒಡೆದಿದ್ದರೆ ಮಿಲಿಲೀಟರ್ ಗುರುತಿರುವ ಯಾವುದೇ ಪಾತ್ರೆಯಲ್ಲಿ ಅಳೆದು 20ರಿಂದ ಭಾಗಿಸಿ, ಬಂದದ್ದು ಮಿಲಿಮೀಟರ್. ಹಳೆಯ ಐದು ಇಂಚು ವ್ಯಾಸದ ಮಾಪಕವಾದರೆ 322 ಮಿಲಿಲೀಟರಿಗೆ ಒಂದು ಇಂಚು, ಅಂದರೆ ನೂರು ಸೆಂಟ್. 200 ಚದರ ಸೆಂಟಿಮೀಟರಿನ ಮಾಪಕದೊಳಗಿನ ನಾಲ್ಕು ಲೀಟರಿನ ಬಾಟಲಿ 200 ಮಿಲಿಮೀಟರಿಗೆ ತುಂಬಿಹೋಗುತ್ತದೆ, ಆದ್ದರಿಂದ ಇಂಥ ದಿನಗಳಲ್ಲಿ ಬೆಳಿಗ್ಗೆ 8.30ರ ಜೊತೆಗೆ ಸಂಜೆಯೂ ಅಳೆದು ಎರಡನ್ನೂ ಕೂಡಿಸಿ.

ಇಷ್ಟೆಲ್ಲ ಲೆಕ್ಕ ಉಪಯೋಗಕ್ಕೆ ಬರುವುದು ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ಹೊತ್ತಿಗೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ದ್ರಾವಣವನ್ನು ಅವತ್ತೇ ಮುಗಿಸಬೇಕು, ಎಲೆಯ ಮೇಲೆ ಒಣಗಲು ಬಿಸಿಲೂ ಬೇಕು. ಕೇಂದ್ರ ಇನ್ನೂ ನೈಋತ್ಯದಲ್ಲಿದ್ದು ಗಾಳಿ ಪೂರ್ವದ ಕಡೆಯಿಂದಿದ್ದರೆ ಬೆಳಗಿನ ಕೆಲವು ಗಂಟೆ ಸಿಗುತ್ತವೆ, ಬೇಗ ಶುರುಮಾಡಿ ಹತ್ತು ಹನ್ನೊಂದರೊಳಗೆ ಮುಗಿಸಬಹುದು. ಗುರುತು 12 ಡಿಗ್ರಿ ದಾಟಿ ಉತ್ತರಕ್ಕೆ ಹೊರಟಿದ್ದರೆ ಮೈಲುತುತ್ತವನ್ನು ನೀರಿಗೆ ಹಾಕಲೇಬೇಡಿ, ಗೊಬ್ಬರದ ಚೀಲವನ್ನೂ ಬಿಚ್ಚಬೇಡಿ. ಕೇಂದ್ರ ದಡ ಸೇರಿ, ಮೋಡದ ಓಟ ನಿಧಾನವಾಗಿ, ಒತ್ತಡ ಎರಡು ದಿನ ಸತತವಾಗಿ ಅದೇ ಹೊತ್ತಿಗೆ ಏರಿದ ಮೇಲೆ ಆಳು ಹೇಳಿದರೆ ಸಾಕು.