ರಾತ್ರಿ ರೈಲಿನ ಸಹಾಯಧನವೂ ಹೆದ್ದಾರಿಯ ಬಂಡವಾಳವೂ

ಸಾರಿಗೆ ಯೋಜನೆಗಳ ಆರ್ಥಿಕ ಮೌಲ್ಯಮಾಪನ ನನ್ನ ವೃತ್ತಿ. ಕೆಲವು ನೂರು ಜನ ಮಲಗಿ ಪ್ರಯಾಣಿಸುವ ರಾತ್ರಿ ರೈಲಿಗೆ ವರ್ಷ ವರ್ಷವೂ ಸಹಾಯಧನ ಸುರಿಯುವ ಬದಲು, ಸಾವಿರಾರು ವಾಹನಗಳು ದಿನವೂ ಓಡಾಡುವ ಹೆದ್ದಾರಿಯನ್ನು ಅದೇ ಹಣದಲ್ಲಿ ಅಗಲ ಮಾಡಬಾರದೇಕೆ ಎಂಬ ಪ್ರಶ್ನೆ ಬಜೆಟ್ ತಯಾರಿಯ ಸಭೆಗಳಲ್ಲಿ ತಪ್ಪದೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎರಡು ಖರ್ಚುಗಳನ್ನು ಲೆಕ್ಕಪುಸ್ತಕದಲ್ಲಿ ಯಾವ ಶೀರ್ಷಿಕೆಯಡಿ ಬರೆಯುತ್ತೇವೆ ಎಂಬುದೇ ಹೆಚ್ಚಿನ ಸಲ ಅದರ ಉತ್ತರವನ್ನು ಮೊದಲೇ ನಿರ್ಧರಿಸಿಬಿಟ್ಟಿರುತ್ತದೆ.

ರಸ್ತೆಯ ಅಗಲೀಕರಣ ಬಂಡವಾಳ ವೆಚ್ಚ. ಒಮ್ಮೆ ಮಂಜೂರಾಗಿ ಗುತ್ತಿಗೆ ಕೊಟ್ಟ ಮೇಲೆ ಅದು ಸರ್ಕಾರದ ಆಸ್ತಿಯ ಪಟ್ಟಿಗೆ ಸೇರುತ್ತದೆ. ಮುಂದೆ ಅದಕ್ಕೆ ಬೇಕಾಗುವ ಡಾಂಬರು, ಚರಂಡಿ, ಸೇತುವೆಗಳ ದುರಸ್ತಿಯ ಖರ್ಚು ಇಡೀ ರಸ್ತೆ ಜಾಲದ ನಿರ್ವಹಣೆಯ ಮೊತ್ತದಲ್ಲಿ ಕರಗಿಹೋಗುವುದರಿಂದ ಆ ಒಂದು ರಸ್ತೆಯ ನಷ್ಟ ಎಷ್ಟೆಂದು ಯಾರೂ ಕೇಳುವುದಿಲ್ಲ. ರಾತ್ರಿ ರೈಲಿನ ಸಹಾಯಧನವಾದರೋ ರಾಜಸ್ವ ವೆಚ್ಚ, ಅಂದರೆ ವರ್ಷ ವರ್ಷದ ಚಾಲ್ತಿ ಖರ್ಚು. ಅದು ತನ್ನ ಹೆಸರಿನಲ್ಲೇ ಪ್ರತ್ಯೇಕ ಸಾಲಾಗಿ ಪ್ರತಿವರ್ಷ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಹಣ ಸಾಲದಾದಾಗ ಕೆಂಪು ಗೆರೆ ಎಳೆಯುವ ಕೈ ಮೊದಲು ಹೋಗುವುದೂ ಅಲ್ಲಿಗೇ.

ಸ್ಕಾಟ್ಲೆಂಡಿನ ಉದಾಹರಣೆ ಇಲ್ಲಿ ಉಪಯುಕ್ತ, ಏಕೆಂದರೆ ಅಲ್ಲಿ ಪರ್ತ್‌ನಿಂದ ಇನ್ವರ್ನೆಸ್‌ವರೆಗೆ ರಾತ್ರಿ ರೈಲೂ ಎ9 ಹೆದ್ದಾರಿಯೂ ಬಹುಮಟ್ಟಿಗೆ ಒಂದೇ ಕಣಿವೆಗಳಲ್ಲಿ ಸಾಗುತ್ತವೆ. ಲಂಡನ್‌ನಿಂದ ಹೊರಡುವ ಕ್ಯಾಲೆಡೋನಿಯನ್ ಸ್ಲೀಪರ್ ರೈಲಿನ ಹಳೆಯ ಬೋಗಿಗಳನ್ನು ಬದಲಿಸಲು ಬ್ರಿಟನ್ ಸರ್ಕಾರ 2011ರ ನವೆಂಬರಿನಲ್ಲಿ 5 ಕೋಟಿ ಪೌಂಡ್ ಘೋಷಿಸಿ, ಸ್ಕಾಟಿಷ್ ಸರ್ಕಾರವೂ ಅಷ್ಟೇ ಮೊತ್ತ ಸೇರಿಸಬೇಕೆಂದು ಕೇಳಿತು. ಮರುತಿಂಗಳು, ಅಂದರೆ ಡಿಸೆಂಬರಿನಲ್ಲಿ, ಎ9 ಹೆದ್ದಾರಿಯ ಈ ಭಾಗವನ್ನು 2025ರೊಳಗೆ ಪೂರ್ತಿಯಾಗಿ ನಡುವೆ ವಿಭಜಕವಿರುವ ಜೋಡಿ ರಸ್ತೆ ಮಾಡುವುದಾಗಿ ಸ್ಕಾಟಿಷ್ ಸರ್ಕಾರ ಮಾತು ಕೊಟ್ಟಿತು. ಹೊಸ ಬೋಗಿಗಳು ತಡವಾಗಿಯಾದರೂ 2019ರಲ್ಲಿ ಹಳಿಗಿಳಿದವು. ಹೆದ್ದಾರಿಯ ಗಡುವು 2035ಕ್ಕೆ ಸರಿದಿದೆ, ಅದರ ಅಂದಾಜು ವೆಚ್ಚ 2023ರ ಬೆಲೆಯಲ್ಲಿ 370 ಕೋಟಿ ಪೌಂಡ್. ಜೋಡಿ ರಸ್ತೆಯಾಗಬೇಕಿದ್ದ ಸುಮಾರು 130 ಕಿಲೋಮೀಟರಿಗೆ ಇದನ್ನು ಹಂಚಿದರೆ, ರೈಲಿಗೆಂದು ಎರಡು ಸರ್ಕಾರಗಳಿಂದ ಬರಬೇಕೆಂದಿದ್ದ 10 ಕೋಟಿ ಪೌಂಡಿನಲ್ಲಿ ಮೂರೂವರೆ ಕಿಲೋಮೀಟರ್, ಬೆಲೆಯೇರಿಕೆಯನ್ನು ಲೆಕ್ಕದಿಂದ ತೆಗೆದರೂ ಐದಾರು ಕಿಲೋಮೀಟರ್ ಹೆದ್ದಾರಿ ಆಗುತ್ತಿತ್ತು. ರೈಲು ನಿಲ್ಲಿಸಿ ರಸ್ತೆ ಕಟ್ಟುತ್ತೇವೆ ಎಂಬ ಮಾತಿನ ತೂಕ ಇಷ್ಟು.

ಹಾಗೆಂದು ಆ ರಸ್ತೆ ಬೇಡವೆಂದಲ್ಲ. 2022ರೊಂದೇ ವರ್ಷದಲ್ಲಿ ಆ ಭಾಗದಲ್ಲಿ 13 ಮಂದಿ ಅಪಘಾತಗಳಲ್ಲಿ ಸತ್ತರು. ಎದುರುಬದುರು ಬರುವ ವಾಹನಗಳ ನಡುವೆ ವಿಭಜಕವಿಲ್ಲದ ಕಡೆ ಓವರ್‌ಟೇಕ್ ಮಾಡಲು ಹೋಗಿ ಆಗುವ ಡಿಕ್ಕಿಯನ್ನು ಯಾವ ರಾತ್ರಿ ರೈಲೂ ತಪ್ಪಿಸಲಾರದು. ರಸ್ತೆ ನೀಗಿಸುವ ಅಗತ್ಯವೇ ಬೇರೆ, ರೈಲು ನೀಗಿಸುವ ಅಗತ್ಯವೇ ಬೇರೆ. ಒಂದೇ ಇಲಾಖೆಯ ಕಡತದಲ್ಲಿ ಅಕ್ಕಪಕ್ಕ ಬಂದ ಮಾತ್ರಕ್ಕೆ ಅವು ಎದುರಾಳಿಗಳಾಗುವುದಿಲ್ಲ.

ನಮ್ಮ ವೃತ್ತಿಯವರೇ ಮಾಡುವ ದೊಡ್ಡ ತಪ್ಪು ಸಮಯದ ಬೆಲೆ ಕಟ್ಟುವಲ್ಲಿದೆ. ರಸ್ತೆ ಯೋಜನೆಯ ಲಾಭದಲ್ಲಿ ಬಹುಪಾಲು ಬರುವುದು ಪ್ರಯಾಣಿಕರಿಗೆ ಉಳಿಯುವ ನಿಮಿಷಗಳಿಂದ. ಒಂದು ಗಂಟೆಗೆ ಇಷ್ಟು ಬೆಲೆಯೆಂದು ನಿಗದಿಮಾಡಿ, ಉಳಿದ ನಿಮಿಷಗಳನ್ನು ವಾಹನಗಳ ಸಂಖ್ಯೆಯಿಂದ ಗುಣಿಸಿ, ಹಲವು ದಶಕಗಳ ಮೊತ್ತವನ್ನು ಇಂದಿನ ಬೆಲೆಗೆ ಇಳಿಸುತ್ತೇವೆ. ಇದೇ ಸೂತ್ರವನ್ನು ರಾತ್ರಿ ರೈಲಿಗೆ ಹಚ್ಚಿದರೆ ಆಗುವ ಎಡವಟ್ಟು ನೋಡಿ. ಕಾರಿನಲ್ಲಿ 8 ಗಂಟೆಯ ದಾರಿಯನ್ನು ರೈಲು 11 ಗಂಟೆಯಲ್ಲಿ ಕ್ರಮಿಸುತ್ತದೆ ಎಂದುಕೊಳ್ಳೋಣ. ಸೂತ್ರದ ಪ್ರಕಾರ ರೈಲು ಹತ್ತಿದವನು 3 ಗಂಟೆ ಕಳೆದುಕೊಂಡ. ನಿಜದಲ್ಲಿ ಅವನು ಆ ಹನ್ನೊಂದರಲ್ಲಿ ಏಳು ಗಂಟೆ ನಿದ್ದೆ ಮಾಡಿದ್ದಾನೆ, ಮನೆಯಲ್ಲಿದ್ದರೂ ಅಷ್ಟೇ ಹೊತ್ತು ಮಲಗುತ್ತಿದ್ದ; ಅವನ ಎಚ್ಚರದ ದಿನದಿಂದ ಹೋದದ್ದು ನಾಲ್ಕೇ ಗಂಟೆ, ಜೊತೆಗೆ ಒಂದು ರಾತ್ರಿಯ ವಸತಿ ಖರ್ಚೂ ಉಳಿಯಿತು. ಕಾರು ಓಡಿಸಿದವನ ಎಂಟು ಗಂಟೆಯೂ ಎಚ್ಚರದ್ದೇ. ರೈಲನ್ನು ಇನ್ನೂ ಒಂದು ಗಂಟೆ ವೇಗವಾಗಿ ಓಡಿಸಿ ನಸುಕಿನ ನಾಲ್ಕಕ್ಕೆ ತಲುಪಿಸಿದರೆ ಸೂತ್ರ ಸಂತೋಷಪಡುತ್ತದೆ, ಪ್ರಯಾಣಿಕ ಶಪಿಸುತ್ತಾನೆ.

ರೈಲಿನ ಕಡೆಯ ದೌರ್ಬಲ್ಯವನ್ನೂ ಮುಚ್ಚಿಡಬಾರದು. ಕುಳಿತು ಹೋಗುವ ಬೋಗಿಯಲ್ಲಿ ಹಿಡಿಸುವಷ್ಟು ಜನ ಮಲಗುವ ಬೋಗಿಯಲ್ಲಿ ಹಿಡಿಸುವುದಿಲ್ಲ. ಹಗಲಿನ ಬೋಗಿ ದಿನಕ್ಕೆ ಹಲವು ಸರತಿ ದುಡಿದರೆ ಇದು ರಾತ್ರಿಗೊಂದೇ ಸರತಿ ದುಡಿದು ಹಗಲೆಲ್ಲ ಯಾರ್ಡಿನಲ್ಲಿ ನಿಲ್ಲುತ್ತದೆ. ಹಾಸಿಗೆ, ಸಿಬ್ಬಂದಿ, ದಾರಿಯಲ್ಲಿ ಬೋಗಿಗಳನ್ನು ಬಿಡಿಸಿ ಜೋಡಿಸುವ ಕೆಲಸ ಬೇರೆ. ಮೇಲಾಗಿ ಹಳಿ ದುರಸ್ತಿಗೆ ಸಿಗುವ ಬಿಡುವೂ ರಾತ್ರಿಯದೇ. ತಲಾ ಸಹಾಯಧನ ಹೆಚ್ಚಾಗುವುದು ಅಧಿಕಾರಿಗಳ ಅದಕ್ಷತೆಯಿಂದಲ್ಲ, ಸೇವೆಯ ಸ್ವಭಾವದಿಂದಲೇ.

ಸಭೆಗಳಲ್ಲಿ ರೈಲಿನ ವಿರುದ್ಧ ಎತ್ತುವ ಇನ್ನೊಂದು ವಾದವೆಂದರೆ ರೈಲು ಯೋಜನೆಗಳ ಅಂದಾಜು ಸದಾ ಮೀರುತ್ತದೆ ಎಂಬುದು. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲ್ಯೂಬ್ಯಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೈಲು ಯೋಜನೆಗಳ ವೆಚ್ಚ ಸರಾಸರಿ ಶೇ 45ರಷ್ಟೂ ರಸ್ತೆಗಳದ್ದು ಶೇ 20ರಷ್ಟೂ ಮೀರಿದ್ದು ನಿಜ. ಆದರೆ ಅದು ಹೊಸದಾಗಿ ಕಟ್ಟಿದ ಮಾರ್ಗಗಳ ಲೆಕ್ಕ. ಇರುವ ಹಳಿಯ ಮೇಲೆಯೇ ಓಡುವ ರಾತ್ರಿ ರೈಲಿಗೆ ಅದನ್ನು ಅಂಟಿಸುವುದು ತಪ್ಪು. ರಸ್ತೆಯ ಬದಿಗೂ ಮರೆತ ಲೆಕ್ಕವಿದೆ: 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ, ಆಕ್ಸಲ್ ಭಾರ, ಅಂದರೆ ವಾಹನದ ಒಂದು ಅಚ್ಚಿನ ಮೇಲೆ ಬೀಳುವ ತೂಕ, ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂದು ಗೊತ್ತಾಯಿತು. ಅಗಲವಾದ ರಸ್ತೆ ಭಾರಿ ಲಾರಿಗಳನ್ನು ಸೆಳೆದಂತೆ ದುರಸ್ತಿಯ ಖರ್ಚೂ ಏರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಮಾಡಿದ್ದನ್ನು ಹಿಂತೆಗೆಯಲು ಸಾಧ್ಯವೇ ಎಂಬುದು. ಫ್ರಾನ್ಸ್ 2016–17ರಲ್ಲಿ ಹೆಚ್ಚಿನ ರಾತ್ರಿ ರೈಲುಗಳನ್ನು ನಿಲ್ಲಿಸಿ, ನಾಲ್ಕೇ ವರ್ಷದಲ್ಲಿ ಮನಸ್ಸು ಬದಲಿಸಿ, ಹತ್ತು ಕೋಟಿ ಯೂರೋಗಳನ್ನು ತೆಗೆದಿರಿಸಿ ಹಳೆಯ ಬೋಗಿಗಳನ್ನೇ ನವೀಕರಿಸಿ 2021ರಲ್ಲಿ ಪ್ಯಾರಿಸ್–ನೀಸ್ ರೈಲನ್ನು ಮತ್ತೆ ಓಡಿಸಿತು. 2023ರ ಡಿಸೆಂಬರಿನಲ್ಲಿ ಶುರುವಾದ ಪ್ಯಾರಿಸ್–ಬರ್ಲಿನ್ ನೈಟ್‌ಜೆಟ್ ರಾತ್ರಿ ರೈಲು, ಅದೇ ಫ್ರೆಂಚ್ ಸರ್ಕಾರ ಸಹಾಯಧನ ಹಿಂತೆಗೆದದ್ದರಿಂದ ಎರಡೇ ವರ್ಷಕ್ಕೆ ನಿಂತಿತು. ಬೋಗಿಗೆ ಬೇಡಿಕೆ ಸಲ್ಲಿಸಿ ಕೈಗೆ ಬರುವಷ್ಟರಲ್ಲೇ ವರ್ಷಗಳು ಹಿಡಿಯುವ ಸೇವೆಯನ್ನು ವಾರ್ಷಿಕ ಬಜೆಟ್ಟಿನ ಮರ್ಜಿಗೆ ಬಿಟ್ಟರೆ ಯಾವ ಸಂಸ್ಥೆಯೂ ಹೊಸ ಬೋಗಿ ಕೊಳ್ಳುವ ಧೈರ್ಯ ಮಾಡುವುದಿಲ್ಲ. ಹಳೆಯ ಬೋಗಿ ಕೆಡುತ್ತದೆ, ಜನ ದೂರವಾಗುತ್ತಾರೆ, ಆಮೇಲೆ ಬೇಡಿಕೆಯೇ ಇಲ್ಲವೆಂದು ಟಿಪ್ಪಣಿ ಬರೆಯುವುದು ಸುಲಭ.

ಆದ್ದರಿಂದ ಈಗ ನನ್ನ ಬಳಿಗೆ ಇಂಥ ಕಡತ ಬಂದರೆ, ರಸ್ತೆಯ ಮೂವತ್ತು ವರ್ಷದ ನಿರ್ವಹಣಾ ವೆಚ್ಚವನ್ನು ನಿರ್ಮಾಣ ವೆಚ್ಚದ ಪುಟದಲ್ಲೇ ಬರೆಯಬೇಕೆಂದೂ, ರೈಲಿನ ಸಹಾಯಧನವನ್ನು ಹದಿನೈದು ವರ್ಷದ ಒಪ್ಪಂದವಾಗಿ ಒಂದೇ ಮೊತ್ತದಲ್ಲಿ ತೋರಿಸಬೇಕೆಂದೂ ಕೇಳುತ್ತೇನೆ. ಹೀಗೆ ಬರೆದಾಗ ಹಗಲಿನ ರೈಲು ನಾಲ್ಕು ಗಂಟೆಯಲ್ಲಿ ತಲುಪುವ ಊರುಗಳ ನಡುವಿನ ರಾತ್ರಿ ರೈಲು ಸಾಮಾನ್ಯವಾಗಿ ಉಳಿಯುವುದಿಲ್ಲ, ಉಳಿಯಲೂ ಬೇಕಿಲ್ಲ. ಎಂಟು ಗಂಟೆ ಮೀರಿದ ದಾರಿಯಲ್ಲಿ ಮಾತ್ರ, ಅದರಲ್ಲೂ ಒಂದೇ ರೈಲು ದಾರಿಯಲ್ಲಿ ಕವಲೊಡೆದು ಮೂರು ನಾಲ್ಕು ಊರುಗಳನ್ನು ಮುಟ್ಟುವ ಕಡೆ, ಅದರ ಅಂಕಿ ನೋಡಿ ಹಣಕಾಸು ಇಲಾಖೆಯವರು ಎರಡನೆಯ ಸಲ ಲೆಕ್ಕ ಹಾಕಿಸುತ್ತಾರೆ.