ಲೈವ್ ಆಮೇಲೆ, ಮೊದಲು ಪ್ಯಾನೆಲ್ ನಂಬರ್ ಕೇಳಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾವ ಕಂಪನಿಗೆ ಹೋದರೂ ಚಾವಣಿ, ಯಂತ್ರ ತಪಾಸಣೆ ಮಾಡುವ ಡ್ರೋನ್ ಮಾತು ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ. "ಸರ, ನನ್ನ ಮೊಬೈಲ್‌ನ್ಯಾಗ ಲೈವ್ ಬರ್ತೈತೇನ್ರಿ?" ಬರುತ್ತದೆ. ಅದೇನು ದೊಡ್ಡ ಕೆಲಸವಲ್ಲ. ಆದರೆ ಲೈವ್ ಬಂದ ಮಾತ್ರಕ್ಕೆ ಡ್ರೋನ್ ನಿಮ್ಮ ಕಾರ್ಖಾನೆಯ ನೆಟ್‌ವರ್ಕ್‌ಗೆ ಸೇರಿತು ಅಂತ ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಒಂದು ವಿಷಯ ಯಾರ ತಲೆಗೂ ಹೋಗುತ್ತಿಲ್ಲ. ಅದಕ್ಕೇ ಇವತ್ತು ಇದನ್ನೇ ಬರೆಯುತ್ತಿದ್ದೇನೆ. ಡ್ರೋನ್ ಅಂದರೇನು, ಸಾಧನಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಐಒಟಿ ಅಂದರೇನು ಅಂತ ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ.

ಲೈವ್ ನೋಡುವವರು ಯಾರು ಹೇಳಿ? ಮೊದಲ ವಾರ ಮಾಲೀಕರು ನೋಡುತ್ತಾರೆ, ಅವರ ಮಕ್ಕಳು ನೋಡುತ್ತಾರೆ, ಮನೆಗೆ ಬಂದ ಬೀಗರಿಗೂ ತೋರಿಸುತ್ತಾರೆ. ತೋರಿಸಲಿ, ಅಷ್ಟು ದುಡ್ಡು ಹಾಕಿದ್ದಾರೆ. ಆಮೇಲೆ ಲಾರಿ, ಲೇಬರ್, ಜಿಎಸ್‌ಟಿ ಅಂತ ದಿನದ ಕೆಲಸ ಹತ್ತಿಕೊಳ್ಳುತ್ತದೆ. ಇಪ್ಪತ್ತು ನಿಮಿಷ ಕೂತು ಶೆಡ್ಡಿನ ಚಾವಣಿ ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ವಿಡಿಯೋದಲ್ಲಿ ಯಂತ್ರದ ನಂಬರ್ ಇರುವುದಿಲ್ಲ. ಹೋದ ತಿಂಗಳದ್ದನ್ನು ಈ ತಿಂಗಳದ್ದರ ಪಕ್ಕ ಇಟ್ಟು ನೋಡುವುದೂ ಕಷ್ಟ. ನಿಮ್ಮ ಮೆಂಟೆನೆನ್ಸ್ ಸಾಫ್ಟ್‌ವೇರ್‌ಗೆ ವಿಡಿಯೋ ಕೊಟ್ಟರೆ ಅದು ಸುಮ್ನೆ ಇಟ್ಟುಕೊಂಡು ಕೂರುತ್ತದೆ. "ಇಂಥ ಪ್ಯಾನೆಲ್, ಇಂಥ ದೋಷ, ಇಷ್ಟು ಗಂಟೆಗೆ ಕಂಡಿದೆ" ಅನ್ನುವ ಒಂದು ಸಾಲು ಕೊಟ್ಟು ನೋಡಿ, ಅದು ತಾನೇ ಕೆಲಸದ ಚೀಟಿ ತೆಗೆಯುತ್ತದೆ. ಆ ಒಂದು ಸಾಲನ್ನು ಸರಿಯಾಗಿ ಹುಟ್ಟಿಸುವುದೇ ಡ್ರೋನ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ನಮ್ಮ ಕಸುಬು.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಥೆ ಹೇಳುತ್ತೇನೆ. ಶೆಡ್ಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಕಿದ್ದರು, ಸಾಲು ಸಾಲಾಗಿ, ಎಲ್ಲವೂ ಒಂದೇ ತರ. ಥರ್ಮಲ್ ಕ್ಯಾಮೆರಾ ಇರುವ ಡ್ರೋನ್ ಹಾರಿಸಿದರು. ಒಂದು ಪ್ಯಾನೆಲ್‌ನ ಮೂಲೆಯಲ್ಲಿ ಬೆಳ್ಳಗೆ ಚುಕ್ಕೆ ಕಂಡಿತು, ಅಂದರೆ ಅಲ್ಲಿ ಬಿಸಿ ಜಾಸ್ತಿ. ಸರಿ, ಸ್ಪ್ಯಾನರ್ ಹಿಡಿದು ಹುಡುಗ ಮೇಲೆ ಹತ್ತಿದ. ಯಾವ ಪ್ಯಾನೆಲ್? ಫೋಟೋದಲ್ಲಿ ಜಿಪಿಎಸ್ ಇದೆ, ನಿಜ. ಆದರೆ ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಪ್ಯಾನೆಲ್ ಇರುವುದು ಹೆಚ್ಚುಕಡಿಮೆ ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದ. ಆ ಆಚೀಚೆಯಲ್ಲೇ ಹತ್ತಾರು ಪ್ಯಾನೆಲ್ ಬಂದುಬಿಡುತ್ತವೆ. ಮನೆ ನಂಬರ್ ಇಲ್ಲದ ಓಣಿಯಲ್ಲಿ ಕೊರಿಯರ್ ಹುಡುಗ ತಿರುಗಿದ ಹಾಗೆ ಅವನು ಮಧ್ಯಾಹ್ನದ ಬಿಸಿಲಲ್ಲಿ ತಗಡಿನ ಮೇಲೆ ತಿರುಗಿದ. ಕೊನೆಗೆ ಚೆನ್ನಾಗಿದ್ದ ಪ್ಯಾನೆಲ್ ಬಿಚ್ಚಿ ಇಳಿಸಿದರು.

ಡ್ರೋನ್ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಅದು ತನ್ನ ಕೆಲಸ ಮಾಡಿತ್ತು. ಬೇಕಾಗಿದ್ದದ್ದು ಒಂದು ನಕ್ಷೆ. ಶೆಡ್ 2, ಸಾಲು 7, ಪ್ಯಾನೆಲ್ 14 ಅಂತ ಪ್ರತಿ ಪ್ಯಾನೆಲ್‌ಗೂ ಒಂದು ನಂಬರ್, ಆ ನಂಬರ್‌ಗೆ ಒಂದು ಜಾಗ. ಜೊತೆಗೆ ಡ್ರೋನ್‌ಗೆ ಆರ್‌ಟಿಕೆ, ಅಂದರೆ ಜಿಪಿಎಸ್‌ನ ತಪ್ಪನ್ನು ಆಗಿಂದಾಗಲೇ ತಿದ್ದುವ ವ್ಯವಸ್ಥೆ, ಇದ್ದರೆ ತಪ್ಪು ಕೆಲವೇ ಸೆಂಟಿಮೀಟರ್‌ಗೆ ಇಳಿಯುತ್ತದೆ. ನಕ್ಷೆ ಮಾಡುವುದು ಬೇಸರದ ಕೆಲಸ, ಯಾರೂ ಅದಕ್ಕೆ ದುಡ್ಡು ಕೊಡಲು ಒಪ್ಪುವುದಿಲ್ಲ. ಆದರೆ ಅದನ್ನು ಒಮ್ಮೆ ಮಾಡಿದರೆ ಸಾಕು.

ಇನ್ನೊಂದು ವಿಷಯ ಇದೆ, ಇದನ್ನು ಹೇಳಿದರೆ ಮಾಲೀಕರಿಗೆ ನಿಜವಾಗಿ ಖುಷಿಯಾಗುತ್ತದೆ. ಆ ಚಾವಣಿಯ ಕೆಳಗೆ ಇನ್ವರ್ಟರ್ ಮೊದಲಿನಿಂದಲೂ ಕೂತಿದೆ. ಈಗಿನ ಬಹಳಷ್ಟು ಇನ್ವರ್ಟರ್‌ಗಳು ಯಾವ ಸ್ಟ್ರಿಂಗ್‌ನಿಂದ (ಒಂದಕ್ಕೊಂದು ಜೋಡಿಸಿದ ಪ್ಯಾನೆಲ್‌ಗಳ ಸರಣಿಯಿಂದ) ಎಷ್ಟು ಕರೆಂಟ್ ಬರುತ್ತಿದೆ ಅಂತ ಕೆಲವೇ ನಿಮಿಷಕ್ಕೊಮ್ಮೆ ಹೇಳುತ್ತಲೇ ಇರುತ್ತವೆ. ಅಕ್ಕಪಕ್ಕದವಕ್ಕಿಂತ ಒಂದು ಸ್ಟ್ರಿಂಗ್ ಕಡಿಮೆ ಕರೆಂಟ್ ಕೊಡುತ್ತಿದೆ ಅಂದರೆ ಆ ಸ್ಟ್ರಿಂಗ್ ಮೇಲೆ ಮಾತ್ರ ಡ್ರೋನ್ ಕಳಿಸಿ. ಎಲ್ಲಾ ಚಾವಣಿ ಸುತ್ತುವುದು ಬೇಕಿಲ್ಲ. ಇದಕ್ಕೆ ನಾನು ಜೋಡಣೆ ಅನ್ನುತ್ತೇನೆ. ಒಂದು ಸಾಧನ ಅನುಮಾನ ಹೇಳಬೇಕು, ಇನ್ನೊಂದು ಹೋಗಿ ನೋಡಬೇಕು.

ಬಿಸಿಲು ಅಳೆಯುವ ಸೆನ್ಸರ್ ಇದ್ದರೆ ಅದನ್ನೂ ಸೇರಿಸಿ. ಸೋಲಾರ್ ಥರ್ಮಲ್ ತಪಾಸಣೆಗೆ ಐಇಸಿ 62446-3 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಅದರ ಪ್ರಕಾರ ಪ್ಯಾನೆಲ್ ಮೇಲೆ ಚದರ ಮೀಟರ್‌ಗೆ ಕನಿಷ್ಠ 600 ವ್ಯಾಟ್ ಬಿಸಿಲು ಬೀಳುತ್ತಿರಬೇಕು. ಧಾರವಾಡದ ಜುಲೈ ತಿಂಗಳ ಮೋಡದಲ್ಲಿ ಹಾರಿಸಿದರೆ ಕೆಟ್ಟ ಪ್ಯಾನೆಲ್ ಕೂಡ ತಣ್ಣಗೆ ಕಾಣುತ್ತದೆ. ವರದಿ ಮಾತ್ರ "ಎಲ್ಲಾ ಸರಿ" ಅಂತ ಬರುತ್ತದೆ! ಹಾರಬೇಕೋ ಬೇಡವೋ ಅನ್ನುವುದನ್ನು ಆ ಸೆನ್ಸರ್ ಹೇಳಲಿ.

ಗಡಿಯಾರವನ್ನೂ ನೋಡಿಕೊಳ್ಳಿ. ಡ್ರೋನ್‌ನ ಲಾಗ್ ಅನೇಕ ಸಲ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಇರುತ್ತದೆ, ಇನ್ವರ್ಟರ್ ನಮ್ಮ ಸಮಯದಲ್ಲಿ. ಐದೂವರೆ ಗಂಟೆ ವ್ಯತ್ಯಾಸ. ಸರಿಪಡಿಸದೆ ಎರಡನ್ನೂ ಹಾಗೇ ತಾಳೆ ಹಾಕಿದರೆ ಮಧ್ಯಾಹ್ನದ ಫೋಟೋ ಬೆಳಗಿನ ಕರೆಂಟ್ ಜೊತೆ ಕೂತಿರುತ್ತದೆ.

ಈಗ ಆ ಒಂದು ಸಾಲು ಹೋಗುವ ದಾರಿ. ಸಾಧನಗಳ ನಡುವೆ ಪುಟ್ಟ ಸಂದೇಶ ಸಾಗಿಸಲು ನಾವು ಹೆಚ್ಚಾಗಿ ಎಂಕ್ಯೂಟಿಟಿ ಅನ್ನುವ ಪದ್ಧತಿ ಬಳಸುತ್ತೇವೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ಮಾಡಿದ್ದು ತೈಲದ ಪೈಪ್‌ಲೈನ್ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ಅಲ್ಲಿ ಸಂಪರ್ಕ ದುಬಾರಿ, ನಿಧಾನ, ಅದಕ್ಕೇ ಸಂದೇಶ ಪುಟ್ಟದಾಗಿರಬೇಕಿತ್ತು. ಗದಗದ ಗುಡ್ಡದ ಮೇಲೆ ಸಿಗ್ನಲ್ ಒಂದು ಕಡ್ಡಿ ಇದ್ದರೂ ಅಂಥ ಪುಟ್ಟ ಸಂದೇಶ ಹೋಗುತ್ತದೆ. ಫೋಟೋಗಳು ಆಮೇಲೆ ಆಫೀಸಿನ ವೈಫೈನಲ್ಲಿ ಹೋಗಲಿ, ಅವಸರವೇನಿದೆ? ಡ್ರೋನ್ ಸಂಪರ್ಕ ಕಡಿದರೆ "ಇದು ಮಾತು ನಿಲ್ಲಿಸಿದೆ" ಅಂತ ಬ್ರೋಕರ್ (ಸಂದೇಶ ಹಂಚುವ ಸರ್ವರ್) ತಾನೇ ಎಲ್ಲರಿಗೂ ಹೇಳುವ ವ್ಯವಸ್ಥೆಯೂ ಇದರಲ್ಲಿದೆ. ಅದನ್ನು ಆನ್ ಮಾಡಿಸಿ.

ಲೈವ್ ವಿಡಿಯೋಗೆ ಮಾತ್ರ ಬಿಡದೆ ಅಪ್‌ಲೋಡ್ ಬೇಕು. ಮೊಬೈಲ್ ಟವರ್‌ನ ಆಂಟೆನಾಗಳು ನೆಲದ ಕಡೆ ಬಾಗಿರುತ್ತವೆ, ಅವು ಇರುವುದು ನೆಲದ ಮೇಲಿನ ಜನರಿಗೆ. ಮೇಲೆ ಹೋದ ಸಿಮ್‌ಗೆ ಒಂದೇ ಸಲ ದೂರದೂರದ ಟವರ್‌ಗಳು ಕಾಣುತ್ತವೆ, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡಬರುತ್ತದೆ, ಯಾವುದಕ್ಕೂ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಕೆಳಗೆ ನಿಂತು "ನನ್ನ ಫೋನ್‌ನ್ಯಾಗ ಫುಲ್ ಐತಲ್ರಿ" ಅಂದರೆ ಏನು ಹೇಳಲಿ? ಒಂದು ಮಾತಂತೂ ಖಡಾಖಂಡಿತ. ಡ್ರೋನ್ ಹಾರಿಸುವ ನಿಯಂತ್ರಣ ಬೇರೆ, ಮಾಹಿತಿ ಕಳಿಸುವ ಸಿಮ್ ಬೇರೆ ಇರಲಿ. ಸಿಮ್ ಕೈಕೊಟ್ಟರೆ ಫೋಟೋ ತಡವಾಗಬೇಕು ಅಷ್ಟೇ, ಡ್ರೋನ್ ಬೀಳಬಾರದು.

ಗದಗದ ಗಾಳಿಯಂತ್ರಗಳಲ್ಲೂ ಇದೇ ಮಾತು. ರೆಕ್ಕೆಯಲ್ಲಿ ಬಿರುಕು ಇದೆಯಾ ನೋಡಬೇಕಾದರೆ ಯಂತ್ರ ನಿಲ್ಲಿಸಬೇಕು, ನಿಲ್ಲಿಸಿದರೆ ಯೂನಿಟ್ ನಷ್ಟ. ಮುಂಗಾರಿನಲ್ಲಿ ಗಾಳಿ ಜೋರು, ಉತ್ಪಾದನೆಯೂ ಆಗಲೇ ಜಾಸ್ತಿ. ಹಾಗಾಗಿ ಬೇಸಿಗೆಯಲ್ಲೇ ನೋಡಿ ಮುಗಿಸುವುದು ಲೇಸು. ಯಂತ್ರದ ತಲೆಯ ಮೇಲೆ ಗಾಳಿ ಅಳೆಯುವ ಮಾಪಕ ಇದ್ದೇ ಇರುತ್ತದೆ, ಅದರ ಓದು ಡ್ರೋನ್ ಪೈಲಟ್‌ಗೆ ಸಿಗಬೇಕು. ನೆಲದ ಮೇಲೆ ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಬೇರೆಯೇ ಇರುತ್ತದೆ. "ಯಂತ್ರ ನಿಂತಿದೆ" ಅನ್ನುವ ಸಂದೇಶ ನೆಟ್‌ವರ್ಕ್‌ನಲ್ಲಿ ಬಂದರೂ ರೋಟರ್ (ರೆಕ್ಕೆಗಳ ಚಕ್ರ) ಲಾಕ್ ಆಗಿದೆ ಅಂತ ಸೈಟಿನ ಮನುಷ್ಯ ಕಣ್ಣಾರೆ ನೋಡಿ ಹೇಳುವವರೆಗೆ ಹಾರಿಸಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅದರ ಆಸುಪಾಸಿನಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಏನೂ ಮಾಡಬೇಡಿ.

ಡ್ರೋನ್ ಬೇಡವೇ ಬೇಡ ಅನ್ನುವ ಕೆಲಸಗಳೂ ಇವೆ. ಬ್ಯಾಡಗಿಯ ಮೆಣಸಿನಕಾಯಿ ಸಾವ್ಕಾರರೊಬ್ಬರು ಕರೆಸಿದ್ದರು. "ತಮ್ಮಾ, ಕೋಲ್ಡ್ ಸ್ಟೋರೇಜ್ ಒಳಗ ಒಂದ್ ಡ್ರೋನ್ ಬಿಟ್ಟುಬಿಡು, ಎಲ್ಲಾ ಚೀಲ ನೋಡ್ಕೊಂಡ್ ಬರ್ಲಿ" ಅಂದರು. ಒಳಗೆ ಜಿಪಿಎಸ್ ಇಲ್ಲ, ಚೀಲದ ಥಪ್ಪಿಗಳ ನಡುವೆ ಕಿರಿದಾದ ದಾರಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಹೊರಗೆ ಒಣಹಾಕಿದ ಕಾಯಿಯ ಮೇಲೆ ಕೆಳಗಿಳಿದು ಹಾರಿಸಿದರಂತೂ ರೆಕ್ಕೆಯ ಗಾಳಿಗೆ ಕಾಯಿ ಹಾರಿ ಧೂಳು ಕೂರುತ್ತದೆ. ಅವರಿಗೆ ಬೇಕಿದ್ದದ್ದು ಉಷ್ಣತೆ, ತೇವ ಅಳೆಯುವ ಸೆನ್ಸರ್‌ಗಳು ಮತ್ತು ಬಾಗಿಲಿಗೆ ಒಂದು ಸೆನ್ಸರ್. "ಹಂಗಾರ ಡ್ರೋನ್ ಬ್ಯಾಡೇನು?" ಅಂತ ಮುಖ ಸಣ್ಣದು ಮಾಡಿದರು ಪಾಪ. ಆದರೆ ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ. ರಾತ್ರಿ ಲೋಡಿಂಗ್ ಮುಗಿಸಿ ಬಾಗಿಲು ಹಾಗೇ ಬಿಟ್ಟಾಗ ಅವರ ಫೋನ್ ಕೂಗಿತು ನೋಡಿ, ಮರುದಿನ ಅವರೇ ಫೋನ್ ಮಾಡಿ ಹೇಳಿದರು.

ಕಾನೂನಿನ ಬಗ್ಗೆ ಚಿಕ್ಕದಾಗಿ. 2021ರ ಡ್ರೋನ್ ನಿಯಮಗಳಲ್ಲಿ ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಪ್ರದೇಶದಲ್ಲಿ, ಸಾಮಾನ್ಯವಾಗಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಹತ್ತಿರ ಆ ಲೆಕ್ಕ ನಡೆಯುವುದಿಲ್ಲ. ಗೋಕುಲ ರಸ್ತೆಯ ಕಾರ್ಖಾನೆಯವರು ಇದನ್ನು ಮೊದಲೇ ತಿಳಿದುಕೊಳ್ಳಬೇಕು, ಪಕ್ಕದಲ್ಲೇ ನಿಲ್ದಾಣ ಇದೆ. ವಿದೇಶಿ ಡ್ರೋನ್ ಆಮದಿಗೆ 2022ರ ಫೆಬ್ರವರಿಯಿಂದ ನಿರ್ಬಂಧ ಇದೆ, ದುಬೈಯಿಂದ ಬಂದ ನೆಂಟರ ಕೈಲಿ ತರಿಸಿಕೊಂಡದ್ದನ್ನು ನನ್ನ ಮುಂದೆ ತೆರೆಯಬೇಡಿ. ನಿಯಮ ಬದಲಾಗುತ್ತಿರುತ್ತವೆ. ಹಾರಿಸುವ ದಿನವೇ ಅಧಿಕೃತ ನಕ್ಷೆ ನೋಡಿ, ಪ್ರಮಾಣಪತ್ರ ಇರುವ ಪೈಲಟ್‌ನನ್ನೇ ಕೇಳಿ.

ಕೊನೆಗೆ, ಆ ಒಂದು ಸಾಲು ಯಾರಿಗೆ ಹೋಗಬೇಕು? ಈಗ ಹೆಚ್ಚಿನ ಕಡೆ ಅದು ಬೆಂಗಳೂರಿನ ಮ್ಯಾನೇಜರ್ ಇಮೇಲ್‌ಗೆ ಹೋಗುತ್ತದೆ, ಅಲ್ಲಿಂದ ವಾಟ್ಸಾಪ್ ಫಾರ್ವರ್ಡ್ ಆಗಿ ಎರಡು ದಿನದ ಮೇಲೆ ಚಾವಣಿ ಹತ್ತುವ ಹುಡುಗನಿಗೆ ಬರುತ್ತದೆ, ಅದೂ ಇಂಗ್ಲಿಷ್‌ನಲ್ಲಿ. ನೇರ ಅವನ ಫೋನಿಗೇ ಕಳಿಸಿ, ಕನ್ನಡದಲ್ಲಿ: "ಶೆಡ್ 2, ಸಾಲು 7, ಪ್ಯಾನೆಲ್ 14, ಎಡ ಮೂಲೆ ಬಿಸಿ". ಕೆಳಗೆ ಒಂದು ಫೋಟೋ, "ಮುಗೀತು" ಅನ್ನುವ ಒಂದು ಬಟನ್. ಅವನು ಆ ಬಟನ್ ಒತ್ತಿದರೆ ಆ ಪ್ಯಾನೆಲ್ ಮುಂದಿನ ಹಾರಾಟದ ಪಟ್ಟಿಗೆ ತಾನೇ ಸೇರಬೇಕು, ಡ್ರೋನ್ ಹೋಗಿ ಮತ್ತೆ ನೋಡಿ ಬರಬೇಕು. ನಿಮಗೆ ಡ್ರೋನ್ ಮಾರಲು ಬಂದವರು ಲೈವ್ ತೋರಿಸಿದರೆ ತೋರಿಸಲಿ. ಆಮೇಲೆ ಇದು ಅವರ ಕೈಲಿ ಆಗುತ್ತದಾ ಅಂತ ನಿಮ್ಮ ಚಾವಣಿಯ ಮೇಲೇ ಮಾಡಿಸಿ ನೋಡಿ, ಅಡ್ವಾನ್ಸ್ ಕೊಡುವ ಮೊದಲು.